ಹೊಸತಿಗೆ ಪಟ್ಟ ಕಟ್ಟುವ ಹೊತ್ತು

ಮುಕ್ತ ತಂತ್ರಾಂಶದಲ್ಲಿ ಹಳೆಯ ಘಟಕವನ್ನು ಇಳಿಸಿ ಹೊಸದನ್ನು ಎಲ್ಲರ ಕಂಪ್ಯೂಟರಿಗೂ ಡೀಫಾಲ್ಟ್ ಆಗಿ ಹಾಕಿಕೊಡುವ ತೀರ್ಮಾನ ಯಾರದು? ಅದಕ್ಕೆ ಸರಿಯಾದ ಕಾಲ ಯಾವುದು? ಪಲ್ಸ್‌ಆಡಿಯೋದಿಂದ ವೇಲ್ಯಾಂಡ್‌ವರೆಗೆ, ನಡುವೆ ನಮ್ಮ ಒತ್ತಕ್ಷರಗಳನ್ನೂ ಹಾದುಹೋಗುವ ಕಥೆ ಇದು.

2025ರ ಅಕ್ಟೋಬರ್‌ನಲ್ಲಿ ಉಬುಂಟು ಲಿನಕ್ಸ್‌ನ 25.10 ಆವೃತ್ತಿ ಬಿಡುಗಡೆಯಾಯಿತು. ಅದೇ ತಿಂಗಳು ಒಂದು ವಿಚಿತ್ರ ದೋಷ ಬೆಳಕಿಗೆ ಬಂತು. ಈ ಆವೃತ್ತಿ ಹಾಕಿಕೊಂಡ ಕೆಲವು ಯಂತ್ರಗಳು ಹೊಸ ಅಪ್‌ಡೇಟ್ ಬಂದಿದೆಯೇ ಎಂದು ತಾವಾಗಿ ನೋಡುವುದನ್ನೇ ಬಿಟ್ಟಿದ್ದವು. ಪರದೆಯ ಮೇಲೆ ಎಚ್ಚರಿಕೆಯಿಲ್ಲ, ತಪ್ಪಿನ ಸಂದೇಶವಿಲ್ಲ. ಎಲ್ಲವೂ ನೆಟ್ಟಗಿರುವಂತೆಯೇ ಕಾಣುತ್ತಿತ್ತು. ಬೇರು ಹುಡುಕಿಕೊಂಡು ಹೋದರೆ ಸಿಕ್ಕಿದ್ದು ದಿನಾಂಕ ತೋರಿಸುವ ‘ಡೇಟ್’ ಎಂಬ ಪುಟ್ಟ ಆಜ್ಞೆ.

ಲಿನಕ್ಸ್‌ನಲ್ಲಿ ಕಡತಗಳ ಪಟ್ಟಿ ತೋರಿಸುವ, ನಕಲು ಮಾಡುವ, ಅಳಿಸುವ, ದಿನಾಂಕ ಹೇಳುವ ಸಣ್ಣಪುಟ್ಟ ಆಜ್ಞೆಗಳ ಒಂದು ಗೊಂಚಲಿದೆ. ಕೋರ್‌ಯುಟಿಲ್ಸ್ ಎಂದು ಅದರ ಹೆಸರು. ಗ್ನೂ ಯೋಜನೆಯವರು ಸಿ ಭಾಷೆಯಲ್ಲಿ ಬರೆದು ದಶಕಗಳ ಕಾಲ ತಿದ್ದಿ ತೀಡಿದ ಕೋಡ್ ಅದು. 25.10ರಲ್ಲಿ ಅದರ ಜಾಗಕ್ಕೆ, ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದ ಯುಯುಟಿಲ್ಸ್ ಬಂದು ಕೂತಿತು. ಮೆಮೊರಿ ಬಳಕೆಯಲ್ಲಿ ಆಗುವ ಎಡವಟ್ಟುಗಳೇ ಎಷ್ಟೋ ಸಲ ಹ್ಯಾಕರ್‌ಗಳಿಗೆ ಬಾಗಿಲು ತೆರೆಯುತ್ತವೆ. ಅಂಥವಕ್ಕೆ ರಸ್ಟ್ ಬಹುಮಟ್ಟಿಗೆ ಎಡೆಗೊಡುವುದಿಲ್ಲ. ಉದ್ದೇಶ ಒಳ್ಳೆಯದೇ. ಆದರೆ ಡೇಟ್ ಆಜ್ಞೆಗೆ ‘ಮೈನಸ್ ಆರ್’ ಎಂಬ ಒಂದು ಆಯ್ಕೆಯುಂಟು. ಕಡತವೊಂದು ಕೊನೆಯ ಸಲ ಬದಲಾದದ್ದು ಯಾವಾಗ ಎಂದು ಅದು ಹೇಳಬೇಕು. ಹೊಸ ಡೇಟ್ ಆ ಆಯ್ಕೆಯನ್ನು ತಲೆಯಾಡಿಸಿ ಒಪ್ಪಿಕೊಳ್ಳುತ್ತಿತ್ತು, ಪಾಲಿಸುತ್ತಿರಲಿಲ್ಲ. ಕೇಳಿದಾಗಲೆಲ್ಲ ಈಗಿನ ಹೊತ್ತನ್ನೇ ಹೇಳುತ್ತಿತ್ತು. ಅಪ್‌ಡೇಟ್ ನೋಡುವ ಸ್ಕ್ರಿಪ್ಟ್ ‘ಕಳೆದ ಸಲ ನೋಡಿದ್ದು ಯಾವಾಗ’ ಎಂದು ವಿಚಾರಿಸಿದರೆ ‘ಈಗಷ್ಟೇ’ ಎಂಬ ಉತ್ತರ. ಈಗಷ್ಟೇ ನೋಡಿದ್ದರೆ ಮತ್ತೆ ನೋಡುವುದೇಕೆ? ಅದು ಸುಮ್ಮನಾಯಿತು.

ದೋಷ ಸರಿಪಡಿಸಿದ ಪ್ಯಾಕೇಜ್ ಬೇಗನೆ ಸಿದ್ಧವಾಯಿತು. ಆದರೆ ತಾನಾಗಿ ಅಪ್‌ಡೇಟ್ ನೋಡುವುದೇ ನಿಂತಿದ್ದ ಯಂತ್ರಕ್ಕೆ ಅದನ್ನು ಮುಟ್ಟಿಸುವುದು ಹೇಗೆ? ಬಳಕೆದಾರರೇ ಕೈಯಾರೆ ಆಜ್ಞೆ ಕೊಟ್ಟು ತರಿಸಿಕೊಳ್ಳಬೇಕಾಯಿತು.

ಇದನ್ನು ಓದಿ ‘ಹಳೆಯದೇ ಚೆನ್ನಾಗಿತ್ತು, ಮುಟ್ಟಬಾರದಿತ್ತು’ ಎನ್ನುವುದು ಸುಲಭ. ಅದೇ ತರ್ಕ ಹಿಡಿದು ಕೂತಿದ್ದರೆ ಲಿನಕ್ಸ್ ಇಂದಿಗೂ 1990ರ ದಶಕದಲ್ಲೇ ಇರುತ್ತಿತ್ತು. ಮುಕ್ತ ತಂತ್ರಾಂಶದ ಲೋಕದಲ್ಲಿ ಯಾರು ಏನನ್ನು ಬೇಕಾದರೂ ಬಳಸಬಹುದು. ಹಳೆಯದು ಬೇಕಾದವರು ಹಳೆಯದನ್ನೇ ಹಾಕಿಕೊಳ್ಳಬಹುದು. ಆದರೆ ನಿಜವಾಗಿ ಹಾಗೆ ಆರಿಸಿಕೊಳ್ಳುವವರು ಕೆಲವರು ಮಾತ್ರ. ಮಿಕ್ಕವರೆಲ್ಲ ಯಂತ್ರದ ಜೊತೆ ಬಂದದ್ದನ್ನೇ ಬಳಸುತ್ತಾರೆ. ಹೀಗಾಗಿ ಡೀಫಾಲ್ಟ್ ಯಾವುದಿರಬೇಕು ಎಂಬುದು ತಾಂತ್ರಿಕ ಪ್ರಶ್ನೆಯಂತೆ ಕಂಡರೂ, ತಮಗೆ ಅರಿವಿಲ್ಲದೆ ಅದರ ಫಲ ಉಣ್ಣುವ ಲಕ್ಷಾಂತರ ಮಂದಿಯ ಪರವಾಗಿ ಮಾಡುವ ತೀರ್ಮಾನ ಅದು.

ಮುದ್ರೆ ಒತ್ತುವವರು

ಲಿನಕ್ಸ್ ಎಂಬುದು ಒಂದೇ ಕಂಪನಿಯ ಸರಕಲ್ಲ. ಕರ್ನಲ್ ಒಂದು ತಂಡದ್ದು, ಪರದೆಯ ವ್ಯವಸ್ಥೆ ಇನ್ನೊಂದು ತಂಡದ್ದು, ಧ್ವನಿಯದು ಮತ್ತೊಂದು. ಇವನ್ನೆಲ್ಲ ಒಟ್ಟುಗೂಡಿಸಿ ಬಳಸಲು ಬರುವಂತೆ ಮಾಡುವವರು ಡೆಬಿಯನ್, ಫೆಡೋರಾ, ಉಬುಂಟು, ಓಪನ್‌ಸೂಸೆಯಂತಹ ವಿತರಣೆಗಳವರು. ಯಾವ ಘಟಕ ಡೀಫಾಲ್ಟ್ ಎಂಬುದಕ್ಕೆ ಮುದ್ರೆ ಬೀಳುವುದು ಇವರ ಅಂಗಳದಲ್ಲಿ.

ಒಬ್ಬೊಬ್ಬರದು ಒಂದೊಂದು ಪದ್ಧತಿ. ಡೆಬಿಯನ್‌ನದು ನಿಧಾನದ ನಡೆ. ಹೊಸ ಪ್ಯಾಕೇಜ್ ಮೊದಲು ‘ಅನ್‌ಸ್ಟೇಬಲ್’ ಎಂಬ ಅಖಾಡಕ್ಕೆ ಇಳಿಯಬೇಕು, ಸಾಮಾನ್ಯವಾಗಿ 2ರಿಂದ 10 ದಿನ ಅಲ್ಲಿ ಗಂಭೀರ ದೋಷವೇನೂ ತೋರದಿದ್ದರೆ ‘ಟೆಸ್ಟಿಂಗ್’ಗೆ ಬಡ್ತಿ, ಸುಮಾರು ಎರಡು ವರ್ಷಕ್ಕೊಮ್ಮೆ ಆ ಟೆಸ್ಟಿಂಗನ್ನೇ ಗಟ್ಟಿಮಾಡಿ ‘ಸ್ಟೇಬಲ್’ ಎಂದು ಬಿಡುಗಡೆ ಮಾಡುತ್ತಾರೆ. ಉಬುಂಟು ಆರು ತಿಂಗಳಿಗೊಂದು ಆವೃತ್ತಿ ಕೊಡುತ್ತದೆ. ಅವುಗಳಲ್ಲಿ ಎರಡು ವರ್ಷಕ್ಕೊಮ್ಮೆ ಬರುವುದು ಐದು ವರ್ಷ ಆಸರೆ ಸಿಗುವ ಎಲ್‌ಟಿಎಸ್. ನಡುವಿನವಕ್ಕೆ ಒಂಬತ್ತು ತಿಂಗಳ ಆಯಸ್ಸು. ರಸ್ಟ್‌ನ ಸಾಹಸಕ್ಕೆ 25.10ನ್ನು ಆರಿಸಿಕೊಂಡದ್ದೂ ಇದೇ ಲೆಕ್ಕದಲ್ಲಿ. 2026ರ ಏಪ್ರಿಲ್‌ನ ಎಲ್‌ಟಿಎಸ್‌ಗೆ ಮುನ್ನ ಬಿದ್ದು ಏಳಲು ಉಳಿದಿದ್ದ ಕೊನೆಯ ಅವಕಾಶ ಅದು.

ಫೆಡೋರಾದ್ದು ಇನ್ನೂ ಕುತೂಹಲದ ಕ್ರಮ. ಡೀಫಾಲ್ಟ್ ಬದಲಿಸಬೇಕೆನ್ನುವವರು ಒಂದು ಪ್ರಸ್ತಾವ ಬರೆದು ಎಲ್ಲರ ಮುಂದಿಡಬೇಕು. ಬಳಕೆದಾರರಿಗೆ ಏನು ಲಾಭ, ಹಳೆಯ ಆವೃತ್ತಿಯಿಂದ ಬರುವವರಿಗೆ ಏನಾಗುತ್ತದೆ, ಪರೀಕ್ಷಿಸುವುದು ಹೇಗೆ, ಎಲ್ಲವನ್ನೂ ಅದರಲ್ಲಿ ಹೇಳಬೇಕು. ಅದೇ ನಮೂನೆಯಲ್ಲಿ ಇನ್ನೊಂದು ಅಂಕಣವಿದೆ: ಕೆಲಸ ಕೆಟ್ಟರೆ ಹಿಂದಕ್ಕೆ ಹೋಗುವ ಉಪಾಯವೇನು, ಹಾಗೆ ಹೋಗಲು ಕೊನೆಯ ದಿನ ಯಾವುದು? ಚುನಾಯಿತರಾದ ಒಂಬತ್ತು ಮಂದಿಯ ಸಮಿತಿಯೊಂದು ಚರ್ಚೆ ಕೇಳಿ ಮತ ಹಾಕುತ್ತದೆ. ನನ್ನ ಮಟ್ಟಿಗೆ ಇಡೀ ನಮೂನೆಯ ಜೀವ ಇರುವುದು ಆ ಒಂದು ಅಂಕಣದಲ್ಲಿ. ಮುಂದೆ ಹೇಳುವ ಕಥೆಗಳಲ್ಲಿ ಗೆದ್ದವೂ ಸೋತವೂ ಬೇರೆಬೇರೆಯಾಗುವುದು ಅಲ್ಲೇ.

2008ರಲ್ಲಿ ಸುಟ್ಟ ಕೈ

ಲಿನಕ್ಸ್ ಬಳಸುತ್ತಿದ್ದವರಿಗೆ 2008 ಮರೆಯಲಾಗದ ವರ್ಷ. ಜನವರಿ 11ರಂದು ಕೆಡಿಇ 4.0 ಬಂತು. ಕೆಡಿಇ 3.5 ಆಗ ಪಳಗಿದ, ಎಲ್ಲ ಸೌಲಭ್ಯಗಳೂ ತುಂಬಿದ ಡೆಸ್ಕ್‌ಟಾಪ್ ಆಗಿತ್ತು. ಹೊಸದರ ಅಡಿಪಾಯ ಚೆನ್ನಾಗಿದ್ದರೂ ಗೋಡೆ, ಸೂರು ಅರೆಬರೆಯಾಗಿದ್ದವು. ದಿನನಿತ್ಯ ಬಳಸುತ್ತಿದ್ದ ಸೌಲಭ್ಯಗಳೇ ಕಾಣೆಯಾಗಿದ್ದವು. ಇದು ಡೆವಲಪರ್‌ಗಳಿಗೆ, ಹೊಸದನ್ನು ಮೊದಲು ಮುಟ್ಟಿನೋಡುವ ಉಮೇದಿನವರಿಗೆ ಎಂದು ಕೆಡಿಇಯವರು ಹೇಳುತ್ತಲೇ ಇದ್ದರು. ಆದರೆ ‘4.0’ ಎಂದು ಅಂಕಿ ಹಾಕಿ ಬಿಡುಗಡೆ ಮಾಡಿದ ಮೇಲೆ ಆ ಮಾತಿಗೆ ಕಿವಿಗೊಟ್ಟವರಾರು? ಮೇ ತಿಂಗಳ ಫೆಡೋರಾ 9ರಲ್ಲಿ ಕೆಡಿಇ ಎಂದರೆ ಈ ಹೊಸದೇ. ಲಿನಕ್ಸ್ ಕರ್ನಲ್‌ನ ಜನಕ ಲೀನಸ್ ಟೋರ್ವಾಲ್ಡ್ಸ್ ಕೂಡ ಬೇಸತ್ತು ಪ್ರತಿಸ್ಪರ್ಧಿ ಗ್ನೋಮ್‌ಗೆ ಹೊರಟುಹೋದರು. ಜೂನ್‌ನಲ್ಲಿ ಬಂದ ಓಪನ್‌ಸೂಸೆ 11.0 ಮಾತ್ರ 3.5 ಮತ್ತು 4.0 ಎರಡನ್ನೂ ಮುಂದಿಟ್ಟು, ಬೇಕಾದದ್ದನ್ನು ಆರಿಸಿಕೊಳ್ಳಿ ಎಂದಿತು. ತಂತ್ರಾಂಶ ಅದೇ, ವರ್ಷ ಅದೇ. ಹಿಂದಿರುಗುವ ಬಾಗಿಲು ಒಬ್ಬರಲ್ಲಿ ಮುಚ್ಚಿತ್ತು, ಇನ್ನೊಬ್ಬರಲ್ಲಿ ತೆರೆದಿತ್ತು.

ಅದೇ ಕಾಲದ ಇನ್ನೊಂದು ಗೋಳು ಪಲ್ಸ್‌ಆಡಿಯೋ. ಹಾಡು ಒಂದು ಕಡೆ, ಕರೆ ಇನ್ನೊಂದು ಕಡೆ, ಬ್ಲೂಟೂತ್ ಹೆಡ್‌ಸೆಟ್ ಮತ್ತೊಂದು ಕಡೆ ಎಂಬ ಹೊಸ ಅಗತ್ಯಗಳಿಗೆ ಹಳೆಯ ಧ್ವನಿ ವ್ಯವಸ್ಥೆ ಸಾಲುತ್ತಿರಲಿಲ್ಲ. ಲೆನಾರ್ಟ್ ಪೊಯೆಟರಿಂಗ್ ಬರೆದ ಪಲ್ಸ್‌ಆಡಿಯೋ ಅದಕ್ಕೆ ಉತ್ತರವಾಗಿತ್ತು. 2007ರ ನವೆಂಬರ್‌ನ ಫೆಡೋರಾ 8 ಅದನ್ನು ಡೀಫಾಲ್ಟ್ ಮಾಡಿತು. 2008ರ ಏಪ್ರಿಲ್‌ನಲ್ಲಿ ಉಬುಂಟು 8.04 ಕೂಡ ಅದೇ ಹೆಜ್ಜೆ ಇಟ್ಟಿತು. ಈ 8.04 ಸ್ಥಿರತೆಯನ್ನೇ ನಂಬಿ ಜನ ಹಾಕಿಕೊಳ್ಳುವ ಎಲ್‌ಟಿಎಸ್. ಹಾಡು ತಡವರಿಸಿತು, ಬ್ರೌಸರ್‌ನ ಫ್ಲ್ಯಾಶ್ ವಿಡಿಯೊ ಮೂಕವಾಯಿತು, ಮೈಕ್ ಕೈಕೊಟ್ಟಿತು. ಪಲ್ಸ್‌ಆಡಿಯೋ ಎಂಬ ಹೆಸರಿಗೆ ಅಂಟಿದ ಕಳಂಕ ತೊಳೆದುಹೋಗಲು ವರ್ಷಗಳೇ ಬೇಕಾದವು.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ದೋಷಗಳಲ್ಲಿ ಹಲವು ಪಲ್ಸ್‌ಆಡಿಯೋದವಲ್ಲವೇ ಅಲ್ಲ. ಸೌಂಡ್ ಕಾರ್ಡ್ ಡ್ರೈವರ್‌ಗಳು ತಮ್ಮ ಸಮಯದ ಲೆಕ್ಕವನ್ನು ತಪ್ಪಾಗಿ ವರದಿ ಮಾಡುತ್ತಿದ್ದವು. ಆ ಲೆಕ್ಕವನ್ನು ನೆಚ್ಚಿ ಕೆಲಸ ಮಾಡುವ ತಂತ್ರಾಂಶ ಅದುವರೆಗೆ ಇರಲಿಲ್ಲವಾದ್ದರಿಂದ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಲ್ಸ್‌ಆಡಿಯೋ ಡೀಫಾಲ್ಟ್ ಆಗಿ ಸಾವಿರಾರು ಬಗೆಯ ಯಂತ್ರಗಳ ಮೇಲೆ ಓಡಿದ ಮೇಲೆಯೇ ಅವು ಹೊರಬಂದವು, ಸರಿಹೋದವು. ಪ್ರಯೋಗಾಲಯದಲ್ಲಿ ಹತ್ತು ವರ್ಷ ಇಟ್ಟಿದ್ದರೂ ಸಿಗುತ್ತಿರಲಿಲ್ಲ. ತೊಡಕು ಇರುವುದೇ ಇಲ್ಲಿ: ಪಕ್ವವಾಗದೆ ಡೀಫಾಲ್ಟ್ ಮಾಡುವಂತಿಲ್ಲ, ಡೀಫಾಲ್ಟ್ ಆಗದೆ ಪಕ್ವವಾಗುವುದಿಲ್ಲ. ‘ಪೂರ್ತಿ ಸಿದ್ಧವಾದ ಮೇಲೆ ಮಾಡೋಣ’ ಎನ್ನುವವರು ಆ ದಿನ ತಾನಾಗಿ ಬರುತ್ತದೆಂದು ನಂಬಿರುತ್ತಾರೆ. ಅದು ಬರುವುದಿಲ್ಲ.

ವೇಲ್ಯಾಂಡ್‌ನ ಹದಿನೇಳು ವರ್ಷ

ಈ ತೊಡಕನ್ನು ಬಿಡಿಸುವ ಜಾಣ್ಮೆಯೂ ಜಾಣ್ಮೆ ಸಾಲದೆ ಹೋದದ್ದೂ ಒಟ್ಟಿಗೇ ಕಾಣುವುದು ವೇಲ್ಯಾಂಡ್‌ನ ಕಥೆಯಲ್ಲಿ. ಲಿನಕ್ಸ್ ಪರದೆಯ ಮೇಲೆ ಕಿಟಕಿಗಳನ್ನು ಬಿಡಿಸುವ ಕೆಲಸ ದಶಕಗಳ ಕಾಲ ಎಕ್ಸ್ ವಿಂಡೋ ವ್ಯವಸ್ಥೆಯದ್ದಾಗಿತ್ತು. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿ, 1987ರಲ್ಲಿ ಎಕ್ಸ್11 ಎಂಬ ರೂಪ ತಾಳಿದ್ದು. ದೊಡ್ಡ ಕಂಪ್ಯೂಟರ್ ಎಲ್ಲೋ ಇದ್ದು, ಮೇಜಿನ ಮೇಲೆ ಬರೀ ಪರದೆಯಿದ್ದ ಕಾಲದ ವಿನ್ಯಾಸ ಅದು. ಅದರಲ್ಲಿ ಒಂದು ಕಿಟಕಿಯಲ್ಲಿ ಒತ್ತಿದ ಕೀಲಿಗಳನ್ನು ಇನ್ನೊಂದು ಕಿಟಕಿಯ ತಂತ್ರಾಂಶ ಕದ್ದು ನೋಡಬಹುದು. ನೀವು ಬ್ಯಾಂಕಿನ ಪಾಸ್‌ವರ್ಡ್ ಹಾಕುವಾಗ ಪಕ್ಕದ ಆಟದ ತಂತ್ರಾಂಶ ಇಣುಕಿದರೆ ತಡೆಯುವವರಿಲ್ಲ. 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ವೇಲ್ಯಾಂಡ್ ಶುರುಮಾಡಿದಾಗ ಇಟ್ಟುಕೊಂಡ ಗುರಿ, ಇದನ್ನೆಲ್ಲ ಬಿಟ್ಟು ಸರಳವಾಗಿ ಹೊಸದಾಗಿ ಕಟ್ಟುವುದು.

ಸುರಕ್ಷತೆಗೆಂದು ಮುಚ್ಚಿದ ಕಿಂಡಿಗಳಿಂದಲೇ ಎಷ್ಟೋ ಒಳ್ಳೆಯ ಕೆಲಸಗಳೂ ನಡೆಯುತ್ತಿದ್ದವು. ಸ್ಕ್ರೀನ್‌ಶಾಟ್, ಸಭೆಯಲ್ಲಿ ಪರದೆ ಹಂಚಿಕೆ, ದೂರದಿಂದ ಕಂಪ್ಯೂಟರ್ ನಡೆಸುವುದು, ಅಂಧರಿಗೆ ಪರದೆ ಓದಿ ಹೇಳುವ ತಂತ್ರಾಂಶ, ಎಲ್ಲವೂ ಎಕ್ಸ್‌ನ ಆ ಸಡಿಲನ್ನೇ ಬಳಸುತ್ತಿದ್ದವು. ಒಂದೊಂದಕ್ಕೂ ಹೊಸ ದಾರಿ ಕಟ್ಟಬೇಕಾಯಿತು. ಕನ್ನಡ ಟೈಪಿಸಲು ನೆರವಾಗುವ ಐಬಸ್‌ನಂತಹ ಸಾಧನಗಳೂ ಹೊಸ ಕ್ರಮಕ್ಕೆ ಒಗ್ಗಿಕೊಳ್ಳಬೇಕಾಯಿತು.

ಉಬುಂಟು ಈ ದಾರಿಯಲ್ಲಿ ಮುಂದಕ್ಕೂ ಹಿಂದಕ್ಕೂ ಓಡಾಡಿದಷ್ಟು ಇನ್ನಾರೂ ಓಡಾಡಿಲ್ಲ. ಮೊದಲು ವೇಲ್ಯಾಂಡ್‌ಗೆ ಹೋಗುತ್ತೇವೆ ಎಂದಿತು. 2013ರಲ್ಲಿ ಮನಸ್ಸು ಬದಲಿಸಿ ಮಿರ್ ಎಂಬ ತನ್ನದೇ ವ್ಯವಸ್ಥೆ ಘೋಷಿಸಿತು. ಅದೇ ವರ್ಷದ 13.10ರಲ್ಲಿ ಮಿರ್‌ನ ಮೇಲೆ ಎಕ್ಸ್ ಓಡಿಸುವ ಎಕ್ಸ್‌ಮಿರ್ ಡೀಫಾಲ್ಟ್ ಆಗಬೇಕಿತ್ತು. ಒಂದಕ್ಕಿಂತ ಹೆಚ್ಚು ಮಾನಿಟರ್ ಇರುವ ಕಡೆ ತೊಂದರೆ ಕಂಡದ್ದರಿಂದ ಬಿಡುಗಡೆಯ ಹೊಸ್ತಿಲಲ್ಲಿ ಅದನ್ನು ಕೈಬಿಟ್ಟರು. 2017ರ ಏಪ್ರಿಲ್‌ನಲ್ಲಿ ಡೆಸ್ಕ್‌ಟಾಪ್‌ಗೆ ಮಿರ್ ಎಂಬ ಯೋಜನೆಯೇ ನಿಂತಿತು. ಅಕ್ಟೋಬರ್‌ನ 17.10ರಲ್ಲಿ ವೇಲ್ಯಾಂಡ್ ಡೀಫಾಲ್ಟ್ ಆಯಿತು. ಮೂರೇ ತಿಂಗಳಲ್ಲಿ, 2018ರ ಜನವರಿಯಲ್ಲಿ, ಮುಂದಿನ ಎಲ್‌ಟಿಎಸ್ 18.04ಕ್ಕೆ ಮತ್ತೆ ಎಕ್ಸ್ ಎಂದು ಪ್ರಕಟಿಸಿದರು.

ಕೊಟ್ಟ ಕಾರಣಗಳು ಗಮನಿಸುವಂಥವು. ಒಂದು, ವಿಡಿಯೊ ಸಭೆಗಳಲ್ಲಿ ಪರದೆ ಹಂಚಿಕೆ ಎಕ್ಸ್‌ನಲ್ಲೇ ಚೆನ್ನಾಗಿ ನಡೆಯುತ್ತದೆ. ಎರಡು, ದೂರದಿಂದ ಯಂತ್ರ ನಿಯಂತ್ರಿಸುವುದೂ ಹಾಗೆಯೇ. ಮೂರು, ಡೆಸ್ಕ್‌ಟಾಪನ್ನು ನಡೆಸುವ ಗ್ನೋಮ್ ಶೆಲ್ ಕುಸಿದರೆ ಎಕ್ಸ್‌ನಲ್ಲಿ ಅದೊಂದೇ ಮತ್ತೆ ಏಳುತ್ತದೆ. ವೇಲ್ಯಾಂಡ್‌ನಲ್ಲಾದರೆ ಉಳಿಸದ ಕೆಲಸದೊಂದಿಗೆ ಎಲ್ಲ ಕಿಟಕಿಗಳೂ ಹೋಗುತ್ತವೆ. ಮೂರೂ ಕಚೇರಿಯಲ್ಲಿ ಕೂತು ದುಡಿಯುವವರ ಕಷ್ಟ. ವೇಲ್ಯಾಂಡ್‌ನ ವಿನ್ಯಾಸ ಮೇಲು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಐದು ವರ್ಷ ನೆಮ್ಮದಿಯಿಂದ ಇರಲು ಬಂದವರಿಗೆ ಈಗಲೇ ಕೊಡಬೇಕೇ ಎಂಬುದಷ್ಟೇ ಪ್ರಶ್ನೆಯಾಗಿತ್ತು. ಹಿಂದೆ ಸರಿದದ್ದಕ್ಕೆ ಆಗ ಗೇಲಿ ಮಾಡಿದವರಿದ್ದರು. ಎರಡು ವರ್ಷ ಕಳೆದು ಕೊರೊನಾ ಬಂದು ಊರಿಗೆ ಊರೇ ವಿಡಿಯೊ ಸಭೆಗೆ ಕೂತಾಗ, 18.04 ಬಳಸುತ್ತಿದ್ದವರಿಗೆ ಆ ತೀರ್ಮಾನದ ಬೆಲೆ ಗೊತ್ತಾಗಿರಬೇಕು.

2021ರ 21.04ರಲ್ಲಿ ವೇಲ್ಯಾಂಡ್ ಮರಳಿ ಬಂತು, ಎನ್‌ವಿಡಿಯಾ ಕಾರ್ಡ್ ಇರುವವರನ್ನು ಬಿಟ್ಟು. 22.04ರಲ್ಲಿ ಅವರಿಗೂ ಕೊಡಬೇಕೆಂದಿದ್ದವರು ಕೊನೆಗಳಿಗೆಯಲ್ಲಿ ತಡೆದರು, 24.10ರಲ್ಲಿ ಕೊಟ್ಟರು. 25.10ರ ಹೊತ್ತಿಗೆ ಉಬುಂಟುವಿನ ಗ್ನೋಮ್‌ನಲ್ಲಿ ಎಕ್ಸ್ ಸೆಷನ್ ಇಲ್ಲವಾಯಿತು. 2008ರಿಂದ ಎಣಿಸಿದರೆ ಹದಿನೇಳು ವರ್ಷ.

ಫೆಡೋರಾ ಇದೇ ಕೆಲಸವನ್ನು ಮುಂಚೆಯೇ, ಬೇರೆ ರೀತಿಯಲ್ಲಿ ಮಾಡಿತು. 24ನೇ ಆವೃತ್ತಿಗೆಂದುಕೊಂಡದ್ದನ್ನು ಸಿದ್ಧವಿಲ್ಲವೆಂದು ಮುಂದೂಡಿ 2016ರ ನವೆಂಬರ್‌ನ ಫೆಡೋರಾ 25ರಲ್ಲಿ ವೇಲ್ಯಾಂಡನ್ನು ಡೀಫಾಲ್ಟ್ ಮಾಡಿತು. ವೇಲ್ಯಾಂಡ್ ಏಳದಿದ್ದರೆ ಯಂತ್ರ ತಾನಾಗಿ ಎಕ್ಸ್‌ಗೆ ಹೊರಳುತ್ತಿತ್ತು. ಲಾಗಿನ್ ಪರದೆಯ ಪುಟ್ಟ ಗಾಲಿಯ ಗುರುತು ಒತ್ತಿದರೆ ಎಕ್ಸ್ ಆರಿಸಿಕೊಳ್ಳಬಹುದಿತ್ತು. ಆರಿಸಿಕೊಂಡವರು ಯಾಕೆ ಆರಿಸಿಕೊಂಡರು ಎಂಬುದರಿಂದಲೇ ಮುಂದಿನ ವರ್ಷಗಳ ಕೆಲಸದ ಪಟ್ಟಿ ತಯಾರಾಯಿತು. ಹಳೆಯ ಬಾವಿಗೆ ಮಣ್ಣು ತುಂಬುವ ಮುನ್ನ ಹೊಸ ನಲ್ಲಿಯಲ್ಲಿ ಎರಡು ಬೇಸಿಗೆ ನೀರು ಬಂದದ್ದನ್ನು ನೋಡುವ ಊರಿನವರ ಬುದ್ಧಿ ಇದು.

ಆದರೂ ಯಾರೋ ಹೊರಗುಳಿದರು. ಗ್ನೋಮ್‌ನಲ್ಲಿ ಪರದೆ ಓದಿ ಹೇಳುವ ಓರ್ಕಾ ತಂತ್ರಾಂಶಕ್ಕೆ ಆಜ್ಞೆ ಕೊಡಲು ಹಲವು ಅಂಧ ಬಳಕೆದಾರರು ಕ್ಯಾಪ್ಸ್ ಲಾಕ್ ಕೀಲಿಯನ್ನು ಬಳಸುತ್ತಾರೆ. ವೇಲ್ಯಾಂಡ್‌ನಲ್ಲಿ ಓರ್ಕಾದ ಕೀಲಿಯಾಜ್ಞೆಗಳು ನೆಟ್ಟಗಾದದ್ದು 2025ರ ಮಾರ್ಚ್‌ನ ಗ್ನೋಮ್ 48ರಲ್ಲಿ. ಅಷ್ಟರಲ್ಲಿ ವೇಲ್ಯಾಂಡ್ ಡೀಫಾಲ್ಟ್ ಆಗಿ ಎಂಟು ವರ್ಷ ದಾಟಿತ್ತು. ಎನ್‌ವಿಡಿಯಾ ಕಾರ್ಡ್ ಕೊಂಡವರಿಗಾಗಿ ಬದಲಾವಣೆಯನ್ನೇ ತಡೆದ ಲೋಕ, ಕಣ್ಣಿಲ್ಲದವರಿಗಾಗಿ ಅಷ್ಟೇ ತುರ್ತು ತೋರಲಿಲ್ಲ. ಅವರಿಗೆ ಎಕ್ಸ್ ಎಂಬ ಹಳೆಯ ದಾರಿ ತೆರೆದಿತ್ತು ಎಂಬುದಷ್ಟೇ ಸಮಾಧಾನ.

ಸದ್ದಿಲ್ಲದೆ ಬಂದ ಪೈಪ್‌ವೈರ್

ಪಲ್ಸ್‌ಆಡಿಯೋಗೂ ಒಂದು ದಿನ ನಿವೃತ್ತಿ ಬಂತು. ವಿಮ್ ಟೇಮನ್ಸ್ ಬರೆದ ಪೈಪ್‌ವೈರ್ ಮೊದಲು ಹುಟ್ಟಿದ್ದು ವಿಡಿಯೊ ಸಾಗಿಸಲು. ವೇಲ್ಯಾಂಡ್‌ನಲ್ಲಿ ಪರದೆ ಹಂಚಿಕೆಯ ತೊಡಕು ಬಿಡಿಸಿದ್ದರಲ್ಲಿ ಅದರ ಪಾಲೂ ದೊಡ್ಡದು. ಆಮೇಲೆ ಧ್ವನಿಯ ಕೆಲಸವನ್ನೂ ಕಲಿತು, 2021ರ ಏಪ್ರಿಲ್‌ನ ಫೆಡೋರಾ 34ರಲ್ಲಿ ಪಲ್ಸ್‌ಆಡಿಯೋದ ಜಾಗಕ್ಕೆ ಬಂತು. ಉಬುಂಟುವಿಗೆ ಬಂದದ್ದು 2022ರ 22.10ರಲ್ಲಿ. ಹದಿಮೂರು ವರ್ಷ ಹಿಂದೆ ಆದಂಥ ರಂಪ ಈ ಸಲ ಆಗಲಿಲ್ಲ.

ಪೈಪ್‌ವೈರ್ ದೋಷವಿಲ್ಲದೆ ಬಂತೆಂದಲ್ಲ. ಅದು ಪಲ್ಸ್‌ಆಡಿಯೋದ ಮಾತನ್ನೇ ಆಡುವ ಒಂದು ಪದರವನ್ನು ಜೊತೆಗೆ ತಂದಿತು. ಪಲ್ಸ್‌ಆಡಿಯೋಗೆಂದು ಬರೆದ ಪ್ಲೇಯರ್, ಬ್ರೌಸರ್, ಕರೆಯ ತಂತ್ರಾಂಶಗಳಿಗೆ ಯಜಮಾನ ಬದಲಾದದ್ದೇ ತಿಳಿಯಲಿಲ್ಲ, ಒಂದನ್ನೂ ತಿದ್ದಬೇಕಾಗಲಿಲ್ಲ. ಹೊಂದದಿದ್ದರೆ ಒಂದು ಪ್ಯಾಕೇಜ್ ತೆಗೆದು ಇನ್ನೊಂದು ಹಾಕಿದರೆ ಹಳೆಯ ಪಲ್ಸ್‌ಆಡಿಯೋ ಮರಳುತ್ತಿತ್ತು. ಹಿಂದಿರುಗುವುದು ಇಷ್ಟು ಅಗ್ಗವಾದಾಗ ಜನರಿಗೆ ಮುಂದೆ ಹೋಗಲು ಅಂಜಿಕೆಯಿರುವುದಿಲ್ಲ.

ಹಿಂದಿರುಗುವುದು ದುಬಾರಿಯಾದ ಕಡೆ ಏನು ಮಾಡಬೇಕು? ಫೈಲ್ ಸಿಸ್ಟಂ ಅಂಥದ್ದು. ನಿಮ್ಮ ಫೋಟೊ, ಪತ್ರ, ಲೆಕ್ಕ ಎಲ್ಲವೂ ಡಿಸ್ಕಿನ ಮೇಲೆ ಕೂರುವ ಕ್ರಮವೇ ಅದು. ಒಂದು ಪ್ಯಾಕೇಜ್ ತೆಗೆದು ಇನ್ನೊಂದು ಹಾಕಿ ಬದಲಿಸಲಾಗದು. 2020ರ ಅಕ್ಟೋಬರ್‌ನ ಫೆಡೋರಾ 33ರಲ್ಲಿ ಡೆಸ್ಕ್‌ಟಾಪ್ ಆವೃತ್ತಿಗಳಿಗೆ ಹಳೆಯ ಎಕ್ಸ್‌ಟಿ4 ಬದಲು ಬಿಟಿಆರ್‌ಎಫ್‌ಎಸ್ ಡೀಫಾಲ್ಟ್ ಆಯಿತು. ಅದು ಹೊಸದಾಗಿ ಇನ್‌ಸ್ಟಾಲ್ ಮಾಡುವವರಿಗೆ ಮಾತ್ರ. ಮೊದಲೇ ಇದ್ದವರ ಡಿಸ್ಕನ್ನು ಯಾರೂ ಮುಟ್ಟಲಿಲ್ಲ. ಅಷ್ಟರಲ್ಲಿ ಫೇಸ್‌ಬುಕ್ ಅದನ್ನು ತನ್ನ ಸರ್ವರ್‌ಗಳಲ್ಲಿ ವರ್ಷಗಟ್ಟಲೆ ದುಡಿಸಿತ್ತು. ಓಪನ್‌ಸೂಸೆ 2014ರಲ್ಲೇ ಒಪ್ಪಿಕೊಂಡಿತ್ತು. ಇತ್ತ ಫೆಡೋರಾದ ಪೋಷಕ ಕಂಪನಿ ರೆಡ್ ಹ್ಯಾಟ್, ಕಂಪನಿಗಳಿಗೆ ಮಾರುವ ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ನಿಂದ ಅದೇ ಬಿಟಿಆರ್‌ಎಫ್‌ಎಸ್‌ಅನ್ನು ಕೈಬಿಟ್ಟಿತು. ಒಂದೇ ಘಟಕ ಒಬ್ಬರಿಗೆ ಡೀಫಾಲ್ಟ್ ಆಗಲು ತಕ್ಕದ್ದು, ಇನ್ನೊಬ್ಬರಿಗೆ ಬೇಡವೇ ಬೇಡ. ಎರಡೂ ಸರಿಯಿರಬಹುದು, ದುರಸ್ತಿಯ ಹೊಣೆ ಹೊರುವ ಎಂಜಿನಿಯರ್‌ಗಳು ಯಾರ ಹತ್ತಿರ ಇದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಒಂಬತ್ತೂವರೆ ಲಕ್ಷ ಕನ್ನಡ ಪದ

ಈ ಎಲ್ಲ ಕಥೆಗಳಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು ನಮ್ಮ ಭಾಷೆಯನ್ನೇ ಮುಟ್ಟಿಹೋಗುತ್ತದೆ. ಕನ್ನಡದ ಒಂದು ಪದ ಪರದೆಯ ಮೇಲೆ ಮೂಡಬೇಕಾದರೆ ಫಾಂಟ್ ಒಂದಿದ್ದರೆ ಸಾಲದು. ‘ಸ್ತ್ರೀ’ ಎಂದು ಟೈಪಿಸಿದಾಗ ಕಂಪ್ಯೂಟರಿಗೆ ಸಿಗುವುದು ಬಿಡಿಬಿಡಿ ಸಂಕೇತಗಳ ಸಾಲು. ಯಾವುದು ಒತ್ತಕ್ಷರವಾಗಿ ಕೆಳಗಿಳಿಯಬೇಕು, ಎಲ್ಲಿ ಅರ್ಕಾವೊತ್ತು ಬರಬೇಕು, ದೀರ್ಘ ಎಲ್ಲಿ ಕೂರಬೇಕು ಎಂದು ಜೋಡಿಸಿಕೊಡುವ ಒಂದು ಎಂಜಿನ್ ಬೇಕು. ಮುಕ್ತ ತಂತ್ರಾಂಶದಲ್ಲಿ ಈ ಕೆಲಸ ಹಿಂದೆ ಹರಿದು ಹಂಚಿಹೋಗಿತ್ತು. ಗ್ನೋಮ್‌ನ ಪ್ಯಾಂಗೋದಲ್ಲಿ ಒಂದು, ಕೆಡಿಇ ನಿಂತಿರುವ ಕ್ಯೂಟಿಯಲ್ಲಿ ಒಂದು, ಆಫೀಸ್ ತಂತ್ರಾಂಶದಲ್ಲಿ ಐಸಿಯು ಎಂಬ ಇನ್ನೊಂದು. ಒಂದರಲ್ಲಿ ಸರಿಯಾಗಿ ಕಂಡ ಪದ ಇನ್ನೊಂದರಲ್ಲಿ ಒಡೆದು ಕಾಣುತ್ತಿತ್ತು.

ಎಲ್ಲಕ್ಕೂ ಒಂದೇ ಎಂಜಿನ್ ಆಗಲೆಂದು ಬೆಹದಾದ್ ಎಸ್ಫಾಬೋದ್ ಹಾರ್ಫ್‌ಬಜ್ ಅನ್ನು ಹೊಸದಾಗಿ ಬರೆದರು. ಅದನ್ನು ಡೀಫಾಲ್ಟ್ ಮಾಡಿದ ಬಗೆ ಪಾಠದಂತಿದೆ. ಫೈರ್‌ಫಾಕ್ಸ್ ಮೊದಲು ಲ್ಯಾಟಿನ್‌ನಂತಹ ಸರಳ ಲಿಪಿಗಳಿಗೆ ಮಾತ್ರ ಅದನ್ನು ಬಳಸಿತು. ಯಾವ ಲಿಪಿಗೆ ಹಾರ್ಫ್‌ಬಜ್, ಯಾವುದಕ್ಕೆ ಹಳೆಯ ಎಂಜಿನ್ ಎಂದು ಬೇರೆಬೇರೆಯಾಗಿ ಗೊತ್ತುಮಾಡುವ ಗುಂಡಿಯೇ ಬ್ರೌಸರ್‌ನ ಒಳಗಿತ್ತು. ಕನ್ನಡ, ದೇವನಾಗರಿಯಂತಹ ಜಟಿಲ ಲಿಪಿಗಳ ಸರದಿ ಆಮೇಲೆ ಬಂತು.

ಆ ಸರದಿ ಬಂತೆಂದು ತಿಳಿದದ್ದು ಹೇಗೆ? 2012ರಲ್ಲಿ ಭಾರತೀಯ ಲಿಪಿಗಳ ಭಾಗವನ್ನು ಬರೆಯುತ್ತಿದ್ದಾಗ ಬೆಹದಾದ್ ವಿಕಿಪೀಡಿಯದಿಂದ ಆಯಾ ಭಾಷೆಯ ಪದಪಟ್ಟಿಗಳನ್ನು ತೆಗೆದುಕೊಂಡರು. ಕನ್ನಡದ್ದೇ ಒಂಬತ್ತೂವರೆ ಲಕ್ಷ ಪದ. ಪ್ರತಿಯೊಂದನ್ನೂ ಹಾರ್ಫ್‌ಬಜ್‌ನಿಂದಲೂ ಮೈಕ್ರೋಸಾಫ್ಟ್ ವಿಂಡೋಸ್‌ನ ಯೂನಿಸ್ಕ್ರೈಬ್‌ನಿಂದಲೂ ಜೋಡಿಸಿ ಎರಡೂ ತಾಳೆಯಾಗುತ್ತವೆಯೇ ಎಂದು ನೋಡಿದರು. ಕೋಡ್ ತಿದ್ದಿದಾಗಲೆಲ್ಲ ಬಂಗಾಳಿಯಲ್ಲಿ ಇಷ್ಟು ಪಾಸು, ಕನ್ನಡದಲ್ಲಿ ಇಷ್ಟು ಫೇಲು ಎಂಬ ಲೆಕ್ಕವನ್ನು ಆ ತಿದ್ದುಪಡಿಯ ಟಿಪ್ಪಣಿಯಲ್ಲೇ ದಾಖಲಿಸಿದರು. ತಾಳೆಯಾಗದ ಕನ್ನಡ ಪದಗಳು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆಗೆ ಇಳಿದವು. ಗ್ನೋಮ್ ಡೆಸ್ಕ್‌ಟಾಪ್ ಅದನ್ನು ಆ ವರ್ಷವೇ ಒಪ್ಪಿಕೊಂಡಿತು. ಲಿಬ್ರೆಆಫೀಸ್ 2013ರಲ್ಲಿ ಲಿನಕ್ಸ್‌ಗೆ, 2017ರ 5.3ನೇ ಆವೃತ್ತಿಯಲ್ಲಿ ಎಲ್ಲ ವೇದಿಕೆಗಳಿಗೂ ಅಳವಡಿಸಿಕೊಂಡಿತು. ಇವತ್ತು ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್‌ನಲ್ಲಿ, ಫೈರ್‌ಫಾಕ್ಸ್‌ನಲ್ಲಿ ಕನ್ನಡ ಓದುವವರಲ್ಲಿ ಬಹುಪಾಲು ಜನ ಅದನ್ನೇ ಬಳಸುತ್ತಿದ್ದಾರೆ. ಹಾರ್ಫ್‌ಬಜ್‌ಗೆ ‘1.0’ ಎಂಬ ಅಂಕಿ ಬಿದ್ದದ್ದು 2015ರಲ್ಲಿ, ಹಲವು ಕಡೆ ಡೀಫಾಲ್ಟ್ ಆದ ಎಷ್ಟೋ ದಿನಗಳ ಮೇಲೆ. ಕೆಡಿಇ 4.0 ಅಂಕಿಯನ್ನು ಮೊದಲು ಹಾಕಿ ಯೋಗ್ಯತೆಯನ್ನು ಆಮೇಲೆ ಗಳಿಸಿತು, ಇದು ತಿರುವುಮುರುವು.

ಮತ ಗೆದ್ದರೂ ಮನ ಗೆಲ್ಲದ್ದು

ಅಂಕಿಯಿಂದ ಅಳೆಯಲಾಗದ ಜಗಳಗಳೂ ಇವೆ. ಕಂಪ್ಯೂಟರ್ ಚಾಲೂ ಆಗುವಾಗ ಎಲ್ಲ ಸೇವೆಗಳನ್ನು ಎಬ್ಬಿಸುವ ಸಿಸ್ಟಂಡಿಯ ಕಥೆ ಹಾಗೆ. ಇದೂ ಪೊಯೆಟರಿಂಗ್ ಮತ್ತು ಗೆಳೆಯರದ್ದೇ. ಫೆಡೋರಾ 2011ರಲ್ಲಿ ಅದನ್ನು ಡೀಫಾಲ್ಟ್ ಮಾಡಿತು. ಡೆಬಿಯನ್‌ನಲ್ಲಿ ವಿಷಯ ತಾಂತ್ರಿಕ ಸಮಿತಿಯ ಮುಂದೆ ಹೋಗಿ, 2014ರ ಫೆಬ್ರುವರಿಯಲ್ಲಿ ಎಂಟು ಸದಸ್ಯರು ಸಮಸಮ ಒಡೆದರು. ಅಧ್ಯಕ್ಷ ಬಿಡೇಲ್ ಗಾರ್ಬಿಯವರ ನಿರ್ಣಾಯಕ ಮತದಿಂದ ಸಿಸ್ಟಂಡಿ ಗೆದ್ದಿತು. ಒಪ್ಪದವರು ಅದೇ ವರ್ಷ ಡೆವುವಾನ್ ಎಂದು ಬೇರೆ ಮನೆ ಹೂಡಿದರು. ಸಿಸ್ಟಂಡಿ ಕೆಲಸ ಮಾಡುತ್ತದೆಯೇ ಎಂಬುದು ಅಲ್ಲಿನ ಜಗಳವಾಗಿರಲಿಲ್ಲ. ಒಂದೇ ಯೋಜನೆ ಇಷ್ಟೊಂದು ಕೆಲಸಗಳನ್ನು ತನ್ನ ಬಗಲಿಗೆ ಹಾಕಿಕೊಂಡರೆ, ನಾಳೆ ಅದನ್ನು ಬಿಟ್ಟುಬರಲು ಸಾಧ್ಯವೇ ಎಂಬುದಾಗಿತ್ತು. ಅಲ್ಲಿಯೂ ಮರಳುವ ದಾರಿಯದೇ ಮಾತು.

ತಪ್ಪಿದ ತೀರ್ಮಾನದ ದಂಡವನ್ನು ಕಟ್ಟುವವರು ಯಾರೆಂದೂ ಕೇಳಬೇಕು. ಕೇರಳದಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆ ಉಬುಂಟುವಿನ ಎಲ್‌ಟಿಎಸ್ ಆವೃತ್ತಿಗಳ ಮೇಲೆ ಕಟ್ಟಿದ ಲಿನಕ್ಸ್ ಶಾಲೆಶಾಲೆಯ ಲ್ಯಾಬಿನಲ್ಲೂ ಓಡುತ್ತದೆ. ನಮ್ಮಲ್ಲೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಟ್ಟದ್ದು ಉಬುಂಟುವಿನಲ್ಲೇ. ಅಂಥ ಲ್ಯಾಬಿನಲ್ಲಿ ಧ್ವನಿ ನಿಂತರೆ, ಕನ್ನಡ ಕೀಲಿಮಣೆ ಕೈಕೊಟ್ಟರೆ, ಸರಿಪಡಿಸಲು ಗೊತ್ತಿರುವವರು ತಾಲ್ಲೂಕಿಗೊಬ್ಬರು ಸಿಕ್ಕರೆ ಪುಣ್ಯ. ಡೀಫಾಲ್ಟ್ ಬದಲಿಸುವ ಎಂಜಿನಿಯರ್ ಐದು ನಿಮಿಷದಲ್ಲಿ ಹಿಂದಿರುಗಬಲ್ಲ ದಾರಿಯಲ್ಲಿ ಆ ಮೇಷ್ಟ್ರು ಹೆಜ್ಜೆ ಇಡಲಾರರು. ಹಿಂದಿರುಗುವ ದಾರಿ ಇದೆ ಎಂದರೆ ಆ ಮೇಷ್ಟ್ರಿಗೂ ಇರಬೇಕು; ಲಾಗಿನ್ ಪರದೆಯ ಮೇಲೆ ಕಣ್ಣಿಗೆ ಬೀಳುವಂತಿರಬೇಕು, ಹತ್ತು ಸಾಲಿನ ಆಜ್ಞೆಯ ಹಿಂದೆ ಅಡಗಿರಬಾರದು.

ಹಾಗಾದರೆ ಹೊತ್ತು ಯಾವುದು? ಹೊಸದು ಹಳೆಯದಕ್ಕಿಂತ ಮೇಲಾದಾಗ ಎಂಬ ಉತ್ತರ ಸಾಲದು. ಪಲ್ಸ್‌ಆಡಿಯೋ, ಕೆಡಿಇ 4, ವೇಲ್ಯಾಂಡ್ ಮೂರೂ ವಿನ್ಯಾಸದಲ್ಲಿ ಮೇಲಾದವೇ. ಪೂರ್ತಿ ಪಕ್ವವಾದಾಗ ಎಂಬ ಉತ್ತರವೂ ನಿಲ್ಲದು. ಕೆಟ್ಟರೆ ಸಾಮಾನ್ಯ ಬಳಕೆದಾರ ಯಾರ ನೆರವೂ ಇಲ್ಲದೆ ಹಿಂದಿರುಗಬಲ್ಲ ದಿನ, ಯಾರಿಗೆ ಇನ್ನೂ ಕೆಲಸ ಮಾಡುವುದಿಲ್ಲ ಎಂಬ ಪಟ್ಟಿ ತೀರ್ಮಾನ ಮಾಡುವವರ ಮೇಜಿನ ಮೇಲಿರುವ ದಿನ, ಹೊಸದಕ್ಕೆ ಪಟ್ಟ ಕಟ್ಟಬಹುದು. ಅದೂ ಮೊದಲು ಅಲ್ಪಾಯುಷಿ ಆವೃತ್ತಿಯಲ್ಲಿ, ಎಲ್‌ಟಿಎಸ್‌ನಲ್ಲಿ ಆಮೇಲೆ. ಹಳೆಯದನ್ನು ತೆಗೆದುಹಾಕುವುದು ಬೇರೆಯದೇ ತೀರ್ಮಾನ. ಆ ಪಟ್ಟಿ ಖಾಲಿಯಾದ ಮೇಲಿನ ಮಾತು. ಈ ಅಳತೆಗೋಲಿನಲ್ಲಿ ಉಬುಂಟುವಿನ ರಸ್ಟ್ ಪ್ರಯೋಗ ಅಪರಾಧವೇನಲ್ಲ. ಸರಿಯಾದ ಆವೃತ್ತಿಯಲ್ಲೇ ಮಾಡಿದರು. ಆದರೆ ಒಪ್ಪಿಕೊಂಡಂತೆ ನಟಿಸಿ ಪಾಲಿಸದ ಆಜ್ಞೆಗಿಂತ, ‘ಇದು ನನಗೆ ಬರುವುದಿಲ್ಲ’ ಎಂದು ಕೂಗಿ ನಿಲ್ಲುವ ಆಜ್ಞೆ ಎಷ್ಟೋ ಮೇಲು. ಸದ್ದು ಮಾಡಿ ಕೆಡುವುದನ್ನು ಸರಿಪಡಿಸಬಹುದು. ಸದ್ದಿಲ್ಲದೆ ಕೆಟ್ಟದ್ದು ಕೆಟ್ಟಿದೆ ಎಂದೇ ಗೊತ್ತಾಗುವುದಿಲ್ಲ.

ಆ ಪಟ್ಟಿಯಲ್ಲಿ ಕನ್ನಡ ಬಳಸುವವರ ತೊಂದರೆ ಸೇರಬೇಕಾದರೆ ಅದನ್ನು ಹೇಳಬೇಕಾದವರು ನಾವೇ. ಪ್ರತಿ ಬಿಡುಗಡೆಗೆ ಮುನ್ನ ಉಬುಂಟು, ಫೆಡೋರಾ ಎರಡೂ ಬೀಟಾ ಆವೃತ್ತಿ ಕೊಡುತ್ತವೆ. ಒಂದು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಇರುವ ಕಂಪ್ಯೂಟರನ್ನು ಮುಟ್ಟದೆಯೇ ನಡೆಸಿ ನೋಡಬಹುದು. ಬ್ರೌಸರ್‌ನಲ್ಲಿ, ಲಿಬ್ರೆಆಫೀಸ್‌ನಲ್ಲಿ ನಾಲ್ಕು ಸಾಲು ಕನ್ನಡ ಟೈಪಿಸಿ. ‘ರ‍್ಯಾಂಕ್’ ಎಂದು ಬರೆದರೆ ಅರ್ಕಾವೊತ್ತು ಬಾರದೆ ನೆಟ್ಟಗೆ ಮೂಡುತ್ತದೆಯೇ, ಒತ್ತಕ್ಷರದ ನಡುವೆ ಕರ್ಸರ್ ಸಿಕ್ಕಿಬೀಳುತ್ತದೆಯೇ, ಪಿಡಿಎಫ್‌ನಿಂದ ನಕಲು ಮಾಡಿದ ಪದ ಪದವಾಗಿಯೇ ಉಳಿಯುತ್ತದೆಯೇ ನೋಡಿ. ಕೆಟ್ಟಿದ್ದರೆ ಅವರ ಬಗ್ ದಾಖಲೆಯಲ್ಲಿ ಒಂದು ವರದಿ ಹಾಕಿ. ಬೀಟಾದಲ್ಲಿ ಬರೆದ ಹತ್ತು ಸಾಲಿನ ವರದಿಗೆ ಇರುವ ತೂಕ, ಬಿಡುಗಡೆಯಾದ ಮೇಲೆ ಬರೆದ ಹತ್ತು ಪುಟದ ದೂರಿಗೆ ಇರುವುದಿಲ್ಲ.